ಆರು ಚಕ್ರದ ಮಂಗಳ ರೋವರ್ ಮಾದರಿ: ಅಳತೆ, ಮೋಟಾರ್, ಮರಳು, ಕೊನೆಗೆ ಮನುಷ್ಯರ ಮಾತು

ಹೊಸಲೈನ್ ರಸ್ತೆ

ಎಲ್ರಿಗೂ ನಮಸ್ಕಾರ. ಹಾಸನದ ಕಾಲೇಜೊಂದರ ವಿಜ್ಞಾನ ಸಂಘದ ಪರವಾಗಿ ಕೇಳ್ತಿದ್ದೀನಿ. ಜಿಲ್ಲಾ ಮಟ್ಟದ ವಸ್ತುಪ್ರದರ್ಶನಕ್ಕೆ ಆರು ಚಕ್ರದ ಮಂಗಳ ರೋವರ್ ಮಾದರಿ ಕಟ್ಟಬೇಕು. ಕೈಯಲ್ಲಿರೋದು ಹದಿನೈದು ಸಾವಿರ ರೂಪಾಯಿ, ಒಂದು ತ್ರೀಡಿ ಪ್ರಿಂಟರ್. ಬ್ಲೂಟೂತ್‌ನಲ್ಲಿ ಮೊಬೈಲಿಂದ ಓಡಿಸೋಣ ಅಂತಿದ್ದೀವಿ. ಕಾಲುಗಳ ಅಳತೆ ಹೇಗಿಡೋದು? ಮೋಟಾರ್ ಎಷ್ಟು ಬಲದ್ದು ಬೇಕು? ಇನ್ನೊಂದು, ತೀರ್ಪುಗಾರರು ‘ಮನುಷ್ಯರೇ ಹೋಗೋ ಕಾಲ ಬಂತಲ್ಲಪ್ಪ, ಇನ್ನೂ ಈ ಗಾಡಿ ಯಾಕೆ’ ಅಂತ ಕೇಳೇ ಕೇಳ್ತಾರೆ. ಅದಕ್ಕೇನು ಹೇಳೋದು?

ಗೇರ್‌ಬಾಕ್ಸ್ ಗೌಡ

ಮೊದಲು ಕಾಲು. ಇದರ ಹೆಸರು ರಾಕರ್-ಬೋಗಿ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಯಾವುದೂ ಇಲ್ಲ. ಒಂದೊಂದು ಬದಿಗೂ ಒಂದು ದೊಡ್ಡ ತೋಳು, ಅದು ರಾಕರ್. ಅದರ ಒಂದು ತುದಿಗೆ ಒಂಟಿ ಚಕ್ರ, ಇನ್ನೊಂದು ತುದಿಗೆ ಚಿಕ್ಕ ತೋಳು, ಅದು ಬೋಗಿ. ಬೋಗಿಯ ಎರಡು ತುದಿಗೆ ಎರಡು ಚಕ್ರ. 1997ರ ಸೋಜರ್ನರ್, 2004ರ ಸ್ಪಿರಿಟ್ ಮತ್ತು ಆಪರ್ಚುನಿಟಿ, 2012ರ ಕ್ಯೂರಿಯಾಸಿಟಿ, 2021ರ ಪರ್ಸಿವಿಯರೆನ್ಸ್, ನಾಸಾದ ಐದಕ್ಕೂ ಇದೇ ಕಾಲು. ಚಂದ್ರಯಾನ-3ರ ಪ್ರಜ್ಞಾನ್‌ಗೂ ಇದೇ.

ಅಳತೆ ಹೀಗಿಡಿ. ಒಂದು ಬದಿಯ ಮೂರು ಚಕ್ರಗಳ ನಡುಬಿಂದುಗಳ ನಡುವೆ ತಲಾ 20 ಸೆಂ.ಮೀ. ಬೋಗಿಯ ಕೀಲು ಅದರ ಎರಡು ಚಕ್ರಗಳಿಗೆ ಸರಿಯಾಗಿ ಮಧ್ಯೆ. ರಾಕರ್ ದೇಹಕ್ಕೆ ಸೇರುವ ಕೀಲು ಬೋಗಿಯ ಕೀಲಿನಿಂದ 10 ಸೆಂ.ಮೀ., ಒಂಟಿ ಚಕ್ರದಿಂದ 20 ಸೆಂ.ಮೀ. ದೂರದಲ್ಲಿ. ಲೆಕ್ಕ ಹಾಕಿದರೆ ಅದು ನಡುಚಕ್ರದ ನೆತ್ತಿಯ ಮೇಲೇ ಬರುತ್ತೆ. ಈ ಒಂದಕ್ಕೆರಡು ಯಾಕೆ? ಬೋಗಿ ಎರಡು ಚಕ್ರದ ಭಾರ ಹೊರುತ್ತೆ, ಆ ಕಡೆ ಒಂಟಿ ಚಕ್ರ ಒಂದರದ್ದೇ. ಭಾರ ಇಮ್ಮಡಿ ಇರೋ ಕಡೆ ತೋಳು ಅರ್ಧ ಇದ್ದರೆ ಮಾತ್ರ ಆರೂ ಚಕ್ರದ ಮೇಲೆ ಸಮಭಾರ ಬೀಳುತ್ತೆ. ಬ್ಯಾಟರಿಯನ್ನೂ ಆ ಕೀಲಿನ ಗೆರೆಯ ಮೇಲೇ ಕೂರಿಸಿ. ಹಿಂದಕ್ಕೆ ಸರಿಸಿದರೆ ಏರು ಹತ್ತುವಾಗ ಮುಂದಿನ ಚಕ್ರ ನೆಲ ಬಿಡುತ್ತೆ.

ಹೆಚ್ಚಿನ ಮಾದರಿಗಳಲ್ಲಿ ಬಿಟ್ಟುಹೋಗೋದು ಡಿಫರೆನ್ಷಿಯಲ್. ಎರಡೂ ರಾಕರ್‌ಗಳನ್ನು ದೇಹಕ್ಕೆ ಸುಮ್ಮನೆ ಬೋಲ್ಟ್ ಹಾಕಿ ತಿರುಗೋಕೆ ಬಿಟ್ಟರೆ ದೇಹ ಮುಂದಕ್ಕೋ ಹಿಂದಕ್ಕೋ ಮುಗ್ಗರಿಸುತ್ತೆ. ಬಿಗಿದರೆ ಕಾಲು ಮಡಿಯೋದೇ ಇಲ್ಲ. ಅದಕ್ಕೆ ದೇಹದ ಮೇಲೆ ಅಡ್ಡಲಾಗಿ ಒಂದು ಪಟ್ಟಿ, ನಡುವೆ ಒಂದು ಬೋಲ್ಟಿನ ಮೇಲೆ ತಿರುಗುವಂತೆ. ಅದರ ಎರಡು ತುದಿಗಳಿಂದ ಬಾಲ್-ಜಾಯಿಂಟ್ ಇರೋ ಸಣ್ಣ ಕಡ್ಡಿಗಳು ಎಡ-ಬಲ ರಾಕರ್‌ಗೆ. ಒಂದು ರಾಕರ್ ಎಷ್ಟು ಮೇಲೆದ್ದಿತೋ ಇನ್ನೊಂದು ಅಷ್ಟೇ ಕೆಳಗೆ ಒತ್ತಿಸಿಕೊಳ್ಳುತ್ತೆ, ದೇಹ ಎರಡರ ಸರಾಸರಿ ಕೋನದಲ್ಲಿ ನಿಲ್ಲುತ್ತೆ. ಬಾಲ್-ಜಾಯಿಂಟ್ ಬದಲು ಬರೀ ತೂತಿಗೆ ಬೋಲ್ಟ್ ಹಾಕಿದರೆ ಪಟ್ಟಿ ವಾಲಿದಾಗ ಸಿಕ್ಕಿಹಾಕಿಕೊಳ್ಳುತ್ತೆ.

ತೋಳಿಗೆ 20 ಮಿ.ಮೀ. ಅಲ್ಯೂಮಿನಿಯಂ ಚೌಕ ಪೈಪು. ಪಿವಿಸಿ ಪೈಪಲ್ಲೂ ಮಾಡ್ತಾರೆ, ಆದರೆ ಭಾರ ಬಿದ್ದಾಗ ತಿರುಚಿ ಚಕ್ರಗಳು ಹೊರಕ್ಕೆ ಬಾಯಿ ಬಿಡುತ್ತವೆ. ಕೀಲಿಗೆ 608 ಬೇರಿಂಗ್, 8 ಮಿ.ಮೀ. ಬೋಲ್ಟು, ನೈಲಾನ್ ಇರೋ ನಟ್ಟು. ಬಿ.ಎಂ. ರೋಡಿನ ಬೇರಿಂಗ್ ಅಂಗಡಿಗಳಲ್ಲಿ ಕೇಳಿ. ಮೋಟಾರಿಗೆ ಕರೆಂಟ್ ಹತೋಟಿ ಮಾಡೋ ಡ್ರೈವರ್ ಬೋರ್ಡಿನಂಥದ್ದಕ್ಕೆ ಬೆಂಗಳೂರಿನ ಎಸ್‌ಪಿ ರೋಡೇ.

ಮೋಟಾರ್ ಲೆಕ್ಕ: ಗಾಡಿ 6 ಕಿ.ಗ್ರಾಂ. ಅಂದುಕೊಳ್ಳಿ, ತೂಕ ಸುಮಾರು 59 ನ್ಯೂಟನ್. 30 ಡಿಗ್ರಿ ಏರಿಗೆ ಅದರ ಅರ್ಧ, 29.4 ನ್ಯೂಟನ್ ತಳ್ಳುಬಲ. ಆರಕ್ಕೆ ಹಂಚಿದರೆ ಚಕ್ರಕ್ಕೆ 4.9. ಚಕ್ರದ ವ್ಯಾಸ 12 ಸೆಂ.ಮೀ. ಆದರೆ ತ್ರಿಜ್ಯ 0.06 ಮೀ., ಟಾರ್ಕ್ 0.29 ನ್ಯೂಟನ್-ಮೀಟರ್, ಅಂಗಡಿ ಭಾಷೆಯಲ್ಲಿ 3 ಕೆಜಿ-ಸೆಂ.ಮೀ. ಇದು ಗಟ್ಟಿ ನೆಲದ ಲೆಕ್ಕ. ಮರಳಿನ ಎಳೆತ, ಒಂದೇ ಚಕ್ರ ಕಲ್ಲು ಹತ್ತುವ ಹೊತ್ತು, ಗೇರಿನ ನಷ್ಟ ಎಲ್ಲಾ ಸೇರಿಸಿ 10 ಕೆಜಿ-ಸೆಂ.ಮೀ.ಗೆ ಕಮ್ಮಿ ತಗೋಬೇಡಿ. 12 ವೋಲ್ಟ್, ಲೋಹದ ಗೇರು, ನಿಮಿಷಕ್ಕೆ 10 ಸುತ್ತು. ವೇಗ ಸೆಕೆಂಡಿಗೆ ಆರು ಸೆಂ.ಮೀ. ಚಿಲ್ಲರೆ ಬರುತ್ತೆ. ನಿಧಾನ ಅಂತ ಮೂಗು ಮುರೀಬೇಡಿ, ಪರ್ಸಿವಿಯರೆನ್ಸ್‌ನ ಗರಿಷ್ಠ ವೇಗ 4.2 ಸೆಂ.ಮೀ., ಪ್ರಜ್ಞಾನ್‌ದು ಒಂದೇ ಸೆಂ.ಮೀ.

ಹೊಸಲೈನ್ ರಸ್ತೆ

ಧನ್ಯವಾದ ಸಾರ್. ತಿರುಗಿಸೋಕೆ ನಾಲ್ಕು ಮೂಲೆ ಚಕ್ರಕ್ಕೂ ಸರ್ವೋ (ಹೇಳಿದ ಕೋನಕ್ಕೆ ತಿರುಗೋ ಚಿಕ್ಕ ಮೋಟಾರ್) ಬೇಕಾ?

ಗೇರ್‌ಬಾಕ್ಸ್ ಗೌಡ

ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್‌ಗೆ ನಾಲ್ಕು ಮೂಲೆಯಲ್ಲೂ ಸ್ಟೀರಿಂಗ್ ಇದೆ, ನಿಂತಲ್ಲೇ ಪೂರ್ತಿ ಸುತ್ತುತ್ತವೆ. ನಿಮ್ಮ ದುಡ್ಡಿಗೆ ಬೇಡ. ಪ್ರಜ್ಞಾನ್ ಥರ ಎಡ-ಬಲ ಚಕ್ರಗಳ ವೇಗ ಬೇರೆ ಮಾಡಿ ತಿರುಗಿಸಿ. ಒಂದೇ ತೊಂದರೆ, ಮರಳಲ್ಲಿ ನಿಂತಲ್ಲೇ ತಿರುಗಿಸಿದರೆ ಚಕ್ರ ಅಡ್ಡಡ್ಡ ಕೆರೆದು ಗುಂಡಿ ತೋಡುತ್ತೆ. ದೊಡ್ಡ ಕಮಾನಿನಲ್ಲಿ ತಿರುಗಿಸಿ.

ಸಾಲಗಾಮೆ ರೋಡ್

ಗೌಡ್ರು ಹೇಳಿದ ಕಾಲು ಸರಿಯಾಗಿದೆ. ನನ್ನ ತಕರಾರು ಬ್ಲೂಟೂತ್ ಮೇಲೆ. ನೋಡ್ತಾ ನೋಡ್ತಾ ಬಟನ್ ಒತ್ತಿ ಓಡಿಸಿದರೆ ಅದು ಆರು ಚಕ್ರದ ರಿಮೋಟ್ ಕಾರು ಅಷ್ಟೇ.

ಸಾಲಗಾಮೆ ರಸ್ತೆಯಲ್ಲಿರೋ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ 1982ರಿಂದಲೂ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನಿಭಾಯಿಸ್ತಾರೆ. ಅವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸಂಕೇತ ಹೋಗಿ ಬರೋಕೆ ಕಾಲು ಸೆಕೆಂಡು. ಮಂಗಳ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿ.ಮೀ., ಸೂರ್ಯನ ಆ ಬದಿಗೆ ಹೋದಾಗ 40 ಕೋಟಿ. ಸಂಕೇತಕ್ಕೆ ಒಂದು ದಿಕ್ಕಿಗೇ 3ರಿಂದ 22 ನಿಮಿಷ. ಕಲ್ಲು ಕಂಡಿತು ಅಂತ ನೀವು ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಅದನ್ನ ಯಾವಾಗಲೋ ಗುದ್ದಿರುತ್ತೆ.

ಹಾಗಾಗಿ ಅಲ್ಲಿ ಕಾರುಬಾರೇ ಬೇರೆ. ಮಂಗಳದ ಒಂದು ದಿನ, ಸೋಲ್ ಅಂತಾರೆ, 24 ಗಂಟೆ 39 ನಿಮಿಷ 35 ಸೆಕೆಂಡ್. ಸಾಮಾನ್ಯವಾಗಿ ದಿನಕ್ಕೊಂದು ಕಂತು ಆಜ್ಞೆ ಬೆಳಗ್ಗೆ ಹೋಗುತ್ತೆ. ಸಂಜೆ ರೋವರ್ ತನ್ನ ಚಿತ್ರ, ಅಳತೆಗಳನ್ನು ಮಂಗಳ ಸುತ್ತುತ್ತಿರೋ ನೌಕೆಗಳ ಮೂಲಕ ಕಳಿಸುತ್ತೆ. ಇಲ್ಲಿನವರು ಅದನ್ನು ನೋಡಿ ನಾಳೆಯ ಕಂತು ಬರೀತಾರೆ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಮಧ್ಯೆ ಬಂದಾಗ ಎರಡು ವಾರ ಹೊಸ ಆಜ್ಞೆ ಕಳಿಸೋದನ್ನೇ ನಿಲ್ಲಿಸ್ತಾರೆ, ಅರ್ಧಂಬರ್ಧ ಆಜ್ಞೆ ತಲುಪಿ ಅನಾಹುತ ಆಗಬಾರದು ಅಂತ.

ನಿಮ್ಮ ಮಾದರಿಗೆ ಇದನ್ನೇ ಹಾಕಿ. ಇಎಸ್‌ಪಿ-32 ಅನ್ನೋ ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ವೈಫೈನಲ್ಲಿ ಆಜ್ಞೆಗಳ ಪಟ್ಟಿ ಕಳಿಸಿ: ಮುಂದೆ 60 ಸೆಂ.ಮೀ., ಎಡಕ್ಕೆ 15 ಡಿಗ್ರಿ, ನಿಲ್ಲು, ಫೋಟೋ. ಪ್ರತಿ ಆಜ್ಞೆಗೂ ಬಂದ ಹೊತ್ತನ್ನು ಅಂಟಿಸಿ ಸಾಲಿನಲ್ಲಿಡಿ, 60 ಸೆಕೆಂಡ್ ಆದ ಮೇಲೆ ಮಾತ್ರ ಜಾರಿ. ಫೋಟೋ ವಾಪಸ್ ಬರೋಕೂ 60 ಸೆಕೆಂಡ್. ಪ್ರೋಗ್ರಾಂನಲ್ಲಿ ಡಿಲೇ ಫಂಕ್ಷನ್ ಬಳಸಬೇಡಿ, ಅದು ನಡೀತಿರೋ ಅಷ್ಟು ಹೊತ್ತು ಬೋರ್ಡು ಯಾವ ಸೆನ್ಸರನ್ನೂ ನೋಡಲ್ಲ. ಬೋರ್ಡಿನ ಗಡಿಯಾರ ನೋಡೋ ಮಿಲ್ಲಿಸ್ ಎಣಿಕೆಯಿಂದ ಮಾಡಿ. ಜೊತೆಗೆ ವಾಲಿಕೆ ಅಳೆಯೋ ಎಂಪಿಯು-6050 ಸೆನ್ಸರ್ ಹಾಕಿ. ಗಾಡಿ 25 ಡಿಗ್ರಿಗಿಂತ ವಾಲಿದರೆ ತಾನೇ ನಿಲ್ಲಬೇಕು, ಸಾಲಿನಲ್ಲಿ ಉಳಿದ ಆಜ್ಞೆಗಳನ್ನೆಲ್ಲ ಬಿಸಾಕಬೇಕು. ಉಳಿಸಿಕೊಂಡು ಮುಂದುವರಿಸಿದರೆ ತಪ್ಪು ಜಾಗದಿಂದ ಸರಿಯಾದ ಆಜ್ಞೆ ಪಾಲಿಸುತ್ತೆ, ಅದು ಇನ್ನೂ ಅಪಾಯ. ಓಡಿಸೋರು ಪಕ್ಕದ ಕೋಣೆಯಲ್ಲಿ ಕೂತು ಫೋಟೋ ಮಾತ್ರ ನೋಡಬೇಕು. ತೀರ್ಪುಗಾರರನ್ನೇ ಕೂರಿಸಿ, ಮೂರು ಮೀಟರ್ ದಾಟಿಸಿ ಅನ್ನಿ.

ಇನ್ನೊಂದು, ನಮ್ಮೂರ ಫಲಕಗಳಲ್ಲಿ ಆಗಾಗ ಕಾಣೋ ತಪ್ಪು: ಮಂಗಳಯಾನವನ್ನು ಹಾಸನದಿಂದ ನಡೆಸಲಿಲ್ಲ. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮಂಗಳದ ಕಕ್ಷೆ ಸೇರಿದ ಆ ನೌಕೆಯ ಹತೋಟಿ ಇಸ್ರೋದ ಬೆಂಗಳೂರಿನ ಕೇಂದ್ರ ಇಸ್ಟ್ರಾಕ್‌ನದ್ದು, ಕಿವಿಗೊಟ್ಟಿದ್ದು ಬ್ಯಾಲಾಳಿನ 32 ಮೀಟರ್ ಆಂಟೆನಾ. ಎಂಸಿಎಫ್ ಕೆಲಸ ಭೂಸ್ಥಿರ ಉಪಗ್ರಹಗಳದ್ದು. ದಯವಿಟ್ಟು ಹಾಗೇ ಬರೀರಿ.

ಕಾಫಿ ಕಣ

ನಾವು ಚಿಕ್ಕಮಗಳೂರಿನವರು ಫಲಕದಲ್ಲಿ ಏನು ಬರೆಯೋದು ಹಾಗಾದ್ರೆ? ನಮ್ಮ ಕಡೆಯದ್ದೂ ಮಂಗಳದ್ದೂ ಮಣ್ಣಿನ ಬಣ್ಣ ಒಂದೇ ಅಂತ ಬರೆದರೆ ನಡೆಯುತ್ತಾ?

ಬೈರಾಪುರದ ಕಲ್ಲು

ಬಣ್ಣದ ಮಟ್ಟಿಗೆ ನಡೆಯುತ್ತೆ. ಎರಡೂ ಕಡೆ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಅಲ್ಲಿಗೆ ನಂಟು ಮುಗೀತು. ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಕಡೆಯ ಕೆಂಪು ಮಣ್ಣು ಮಳೆಯಲ್ಲಿ ಕಲ್ಲು ಕೊಳೆತು ಆದದ್ದು, ಜೇಡಿ ಜಾಸ್ತಿ, ಒದ್ದೆಯಾದರೆ ಅಂಟು. ಮಂಗಳದ್ದು ಬಸಾಲ್ಟ್ ಕಲ್ಲಿನ ಪುಡಿ, ಮೇಲೆ ಕೆಲವೇ ಮೈಕ್ರಾನಿನ ಧೂಳು. ಅಲ್ಲಿಗೂ ಇಲ್ಲಿಗೂ ನಿಜವಾದ ಸಾಮ್ಯ ಬೇಕಿದ್ದರೆ ಹಾಸನ ಜಿಲ್ಲೆಯಲ್ಲೇ ಇದೆ. ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿ ಪಟ್ಟಿಯ ಹಳೇ ಮೆಗ್ನೀಷಿಯಂಭರಿತ ಕಲ್ಲು, ಬೈರಾಪುರದ ಕ್ರೋಮೈಟ್ ಗಣಿ ಇರೋದೂ ಅದರಲ್ಲೇ. ಅಲ್ಲಿ ಆಲಿವಿನ್ ಖನಿಜ ನೀರಿನ ಜೊತೆ ಸೇರಿ ಸರ್ಪೆಂಟಿನ್ ಆಗಿದೆ. ಪರ್ಸಿವಿಯರೆನ್ಸ್ ಇಳಿದ ಜೆಜೆರೋ ಕುಳಿಯಲ್ಲಿ ಆಲಿವಿನ್ ಮತ್ತು ಕಾರ್ಬೊನೇಟ್ ಇರೋ ಕಲ್ಲುಗಳನ್ನೇ ಹುಡುಕಿಕೊಂಡು ಹೋಗಿದ್ದು. ಕಲ್ಲೂ ನೀರೂ ಹಿಂದೆ ಮಾತಾಡಿವೆಯಾ ಅನ್ನೋ ಪ್ರಶ್ನೆ ಎರಡೂ ಕಡೆ ಒಂದೇ. ಒಂದು ಸಣ್ಣ ಚೂರು ಗಾಜಿನ ಡಬ್ಬಿಯಲ್ಲಿಟ್ಟು ತೋರಿಸಿ. ರಕ್ಷಿತ ಅರಣ್ಯದಿಂದ ಮಣ್ಣಾಗಲಿ ಕಲ್ಲಾಗಲಿ ತರಬೇಡಿ.

ಪರೀಕ್ಷೆಯ ಅಂಕಣಕ್ಕೆ ಒಣ ಮರಳು ಸಾಕು. ಎಂ-ಸ್ಯಾಂಡ್ ಕಾಳು ಕೋನಕೋನವಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ, ಗಾಡಿ ಸಲೀಸಾಗಿ ಹೋಗಿ ನಿಮಗೆ ಸುಳ್ಳು ಧೈರ್ಯ ಬರುತ್ತೆ. ಹೊಳೆಮರಳಿನ ಉರುಟು ಕಾಳು ಜಾರುತ್ತೆ, ಅದರಲ್ಲಿ ಪಾಸಾದರೆ ಎಲ್ಲೂ ಪಾಸು. ಎಂಟಡಿ-ನಾಲ್ಕಡಿ ಅಂಕಣಕ್ಕೆ 10 ಸೆಂ.ಮೀ. ದಪ್ಪ ಹರಡಿದರೆ 0.3 ಘನ ಮೀಟರ್, ತೂಕ 480 ಕಿ.ಗ್ರಾಂ. ಆಸುಪಾಸು. ಮೇಜಿನ ಮೇಲೆ ಕಟ್ಟೋ ಆಸೆ ಇದ್ದರೆ ಈಗಲೇ ಬಿಡಿ, ನೆಲದ ಮೇಲೆ ಟಾರ್ಪಾಲು ಹಾಸಿ.

ಜಾರಿಕೆ ಅಳೆಯೋದು ಕಲೀರಿ. ಚಕ್ರಕ್ಕೆ ಬಿಳಿ ಗೆರೆ ಹಾಕಿ ಹತ್ತು ಸುತ್ತು ಸುತ್ತಿಸಿ. 12 ಸೆಂ.ಮೀ. ಚಕ್ರ ಜಾರದೆ ಹೋದರೆ 377 ಸೆಂ.ಮೀ. ಹೋಗಬೇಕು. ಟೇಪಿನಲ್ಲಿ 226 ಬಂದರೆ ಜಾರಿಕೆ ಶೇ. 40. ಏರಿನ ಕೋನ ಐದೈದು ಡಿಗ್ರಿ ಏರಿಸ್ತಾ ಪಟ್ಟಿ ಮಾಡಿ. ಒಂದು ಹಂತದ ನಂತರ ಜಾರಿಕೆ ಇದ್ದಕ್ಕಿದ್ದಂತೆ ಜಿಗಿಯುತ್ತೆ, ಚಕ್ರ ಮುಂದೆ ಹೋಗೋ ಬದಲು ಕೆಳಗೆ ಹೋಗುತ್ತೆ. ಒಣ ಮರಳು ತಾನಾಗೇ ನಿಲ್ಲೋದೇ 30-35 ಡಿಗ್ರಿಗೆ ಅನ್ನೋದು ನೆನಪಿರಲಿ. ಗೌಡ್ರ 30 ಡಿಗ್ರಿ ಲೆಕ್ಕ ಮೋಟಾರಿಗೆ ಸರಿ, ಮರಳಿಗೆ ಅಲ್ಲ.

2005ರ ಏಪ್ರಿಲ್‌ನಲ್ಲಿ ಆಪರ್ಚುನಿಟಿ ಹೂತಿದ್ದು ಇದೇ ಲೆಕ್ಕ ತಪ್ಪಿ. ಮೊಣಕಾಲೆತ್ತರವೂ ಇಲ್ಲದ ಮರಳ ದಿಬ್ಬ. ಕುರುಡಾಗಿ ಓಡ್ತಿದ್ದ ಗಾಡಿಗೆ ತಾನು ಮುಂದೆ ಹೋಗ್ತಿಲ್ಲ ಅನ್ನೋದೇ ತಿಳಿಯಲಿಲ್ಲ, ಚಕ್ರ ಸುತ್ತುತ್ತಾ ಹೂತುಕೊಂಡಿತು. ಬಿಡಿಸೋಕೆ ಐದು ವಾರದ ಹತ್ತಿರ ಹಿಡೀತು. ಸ್ಪಿರಿಟ್‌ಗೆ ಆ ಅದೃಷ್ಟವೂ ಇರಲಿಲ್ಲ. 2006ರಿಂದ ಬಲಮುಂಗಾಲಿನ ಚಕ್ರ ಕೆಟ್ಟಿತ್ತು, 2009ರಲ್ಲಿ ಮೆತ್ತನೆ ಮಣ್ಣಲ್ಲಿ ಕೂತಿತು, ಚಳಿಗಾಲಕ್ಕೆ ಸೌರಫಲಕವನ್ನು ಸೂರ್ಯನ ಕಡೆ ವಾಲಿಸೋಕೆ ಆಗದೆ 2010ರ ಮಾರ್ಚ್‌ಗೆ ಮಾತು ನಿಲ್ಲಿಸಿತು. ಅಂದ ಹಾಗೆ ಆ ಕೆಟ್ಟ ಚಕ್ರ ಎಳೆದ ಗೀರಿನಲ್ಲೇ ಸಿಲಿಕಾ ತುಂಬಿದ ಮಣ್ಣು ಸಿಕ್ಕಿದ್ದು, ಹಿಂದೆ ಅಲ್ಲಿ ಬಿಸಿನೀರು ಇತ್ತು ಅನ್ನೋಕೆ ಒಳ್ಳೇ ಸಾಕ್ಷಿ.

ಹೊಸಲೈನ್ ರಸ್ತೆ

ಚಕ್ರ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ್ರೆ ಆಗುತ್ತಾ?

ಗೇರ್‌ಬಾಕ್ಸ್ ಗೌಡ

ಆಗುತ್ತೆ. ಹಲ್ಲು 5-6 ಮಿ.ಮೀ. ಎತ್ತರ ಇರಲಿ. ಚಕ್ರವನ್ನು ಮಲಗಿಸಿ ಪ್ರಿಂಟ್ ಮಾಡಿ, ನಿಲ್ಲಿಸಿ ಮಾಡಿದರೆ ಪದರ ಬಿಟ್ಟುಕೊಳ್ಳುತ್ತೆ. ಮೋಟಾರ್ ಶಾಫ್ಟಿನ ಚಪ್ಪಟೆ ಮುಖದ ಮೇಲೇ ಗ್ರಬ್ ಸ್ಕ್ರೂ ಕೂರಬೇಕು, ಥ್ರೆಡ್ ಲಾಕರ್ ಹಾಕಿ. ಪ್ರದರ್ಶನದ ದಿನ ಕೈಕೊಡೋದು ಹೆಚ್ಚಿನ ಸಲ ಈ ಸ್ಕ್ರೂನೇ. ಮೋಟಾರ್ ಓಡುತ್ತೆ, ಚಕ್ರ ಸುಮ್ಮನಿರುತ್ತೆ, ಎಲ್ಲರೂ ಪ್ರೋಗ್ರಾಂ ತಪ್ಪು ಅಂತ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ.

ಕ್ಯೂರಿಯಾಸಿಟಿಯ ಚಕ್ರದ ಕಥೆ ಫಲಕಕ್ಕೆ ಹಾಕೋ ಹಾಗಿದೆ. 50 ಸೆಂ.ಮೀ. ವ್ಯಾಸದ ಅಲ್ಯೂಮಿನಿಯಂ ಚಕ್ರ, ಹಲ್ಲುಗಳ ನಡುವಿನ ತಗಡು ಬರೀ 0.75 ಮಿ.ಮೀ. 2013ರ ಕೊನೆಗೆ ತೂತು, ಹರುಕು ಕಾಣಿಸಿಕೊಂಡವು. ಬಿಡಿ ಕಲ್ಲಾಗಿದ್ದರೆ ಚಕ್ರ ತಳ್ಳಿದಾಗ ಉರುಳಿ ಹೋಗ್ತಿತ್ತು. ಅಲ್ಲಿದ್ದದ್ದು ಗಾಳಿ ಸವೆಸಿ ಚೂಪು ಮಾಡಿದ, ಬಂಡೆಗೇ ಅಂಟಿಕೊಂಡ ಮೊನೆಗಳು. ಹಿಂದಿನ ಚಕ್ರಗಳು ತಳ್ಳುವ ಬಲವೆಲ್ಲ ಸೇರಿ ಮುಂದಿನ, ನಡುವಿನ ಚಕ್ರವನ್ನು ಮೊನೆಗೆ ಒತ್ತುತ್ತೆ. ಮೆತ್ತನೆ ದಾರಿ ಹುಡುಕಿದರು, ಕೆಲವೆಡೆ ಗಾಡಿಯನ್ನು ಹಿಮ್ಮುಖವಾಗಿ ಓಡಿಸಿದರು, 2017ರಲ್ಲಿ ನೆಲದ ಏರಿಳಿತಕ್ಕೆ ತಕ್ಕಂತೆ ಒಂದೊಂದು ಚಕ್ರದ ವೇಗ ಹೊಂದಿಸೋ ಸಾಫ್ಟ್‌ವೇರ್ ಕಳಿಸಿದರು. ಪರ್ಸಿವಿಯರೆನ್ಸ್‌ಗೆ ತಗಡು ದಪ್ಪ ಮಾಡಿ, ಮುರಿದ ಗೆರೆಯ ಹಲ್ಲಿನ ಬದಲು ಸ್ವಲ್ಪವೇ ಬಾಗಿದ 48 ಹಲ್ಲು ಕೊಟ್ಟರು.

ವೋಲ್ಟ್‌ಮೀಟರ್

ವಿದ್ಯುತ್ ಬಗ್ಗೆ ಯಾರೂ ಮಾತೇ ಆಡಿಲ್ಲ. ಎಲ್-298 ಡ್ರೈವರ್ ತಗೋಬೇಡಿ, ಅದರೊಳಗೇ ಎರಡು ವೋಲ್ಟ್ ಹತ್ತಿರ ಬಿಸಿಯಾಗಿ ಹೋಗುತ್ತೆ, ಒಂದು ಚಾನೆಲ್‌ಗೆ 2 ಆಂಪಿಯರ್ ಮಿತಿ. ಮೂರೂ ಚಕ್ರ ಕಲ್ಲಿಗೆ ಸಿಕ್ಕಿ ನಿಂತಾಗ ಒಂದು ಬದಿಯೇ ಆರು ಆಂಪಿಯರ್ ಎಳೀಬಹುದು. ಬಿಟಿಎಸ್-7960 ಎರಡು ತಗೊಳ್ಳಿ, ಬದಿಗೊಂದು.

ಬ್ಯಾಟರಿ ಮೂರು ಸೆಲ್ಲಿನ 11.1 ವೋಲ್ಟ್ ಲಿಥಿಯಂ, 5000 ಎಂಎಎಚ್. ಅಂದರೆ 55 ವ್ಯಾಟ್-ಗಂಟೆ. ಮೋಟಾರಿಗೆ ಅರ್ಧ ಆಂಪಿಯರ್ ಹಿಡಿದರೆ ಆರಕ್ಕೆ 33 ವ್ಯಾಟ್, ಬೋರ್ಡು-ಕ್ಯಾಮೆರಾಗೆ 5. ಲೆಕ್ಕಕ್ಕೆ ಒಂದೂವರೆ ಗಂಟೆಯ ಹತ್ತಿರ, ಪೂರ್ತಿ ಖಾಲಿ ಮಾಡದಿದ್ದರೆ ಒಂದೂಕಾಲು ಗಂಟೆ ಬರುತ್ತೆ. ಒಟ್ಟು 10 ವೋಲ್ಟ್‌ಗೆ ಇಳಿದಾಗ ನಿಲ್ಲಿಸಿ, ಇಲ್ಲಾಂದ್ರೆ ಸೆಲ್ ಉಬ್ಬುತ್ತೆ. ಇಎಸ್‌ಪಿ-32ಗೆ ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್ ಪ್ರತ್ಯೇಕ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೋಟಾರುಗಳು ಒಟ್ಟಿಗೇ ಹೊರಟಾಗ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತೆ, ಆಜ್ಞೆಗಳ ಸಾಲೆಲ್ಲ ಮಾಯ. ಗ್ರೌಂಡ್ (ಮೈನಸ್) ತಂತಿ ಎಲ್ಲದಕ್ಕೂ ಒಂದೇ ಇರಬೇಕು. ಪ್ರತಿ ಮೋಟಾರಿನ ಎರಡು ಕಾಲಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಕೀಲು ದಾಟುವ ಕಡೆ ಎಳೆಎಳೆಯ ಸಿಲಿಕೋನ್ ತಂತಿ ಸುರುಳಿ ಬಿಟ್ಟು ಕಟ್ಟಿ, ಒಂಟಿ ಎಳೆಯದ್ದು ಮಡಿದು ಮಡಿದು ಒಳಗೇ ತುಂಡಾಗುತ್ತೆ, ಹೊರಗೆ ಕಾಣೋದೂ ಇಲ್ಲ.

ಮೇಲೆ ಸೌರಫಲಕ ಹಾಕೋ ಆಸೆ ಬಂದೇ ಬರುತ್ತೆ. ಹಾಕಿ, ಆದರೆ ಅದೇ ಓಡಿಸುತ್ತೆ ಅಂತ ಹೇಳಬೇಡಿ. ಆಪರ್ಚುನಿಟಿ ಸತ್ತಿದ್ದೇ ಧೂಳಿಗೆ. 2018ರ ಜೂನ್‌ನಲ್ಲಿ ಇಡೀ ಗ್ರಹ ಮುಚ್ಚಿದ ಬಿರುಗಾಳಿ, ದಿನಕ್ಕೆ 600 ವ್ಯಾಟ್-ಗಂಟೆ ಮೀರಿ ಬರ್ತಿದ್ದದ್ದು 22ಕ್ಕೆ ಇಳೀತು. ಜೂನ್ 10ರ ನಂತರ ಸದ್ದಿಲ್ಲ. 90 ಸೋಲ್‌ಗೆ ಅಂತ ಕಳಿಸಿದ ಗಾಡಿ 14 ವರ್ಷ ಓಡಿ 45.16 ಕಿ.ಮೀ. ಮುಗಿಸಿತ್ತು ಅನ್ನೋದು ಬೇರೆ ಮಾತು. ಚೀನಾದ ಜುರೋಂಗ್ ರೋವರ್ 2022ರ ಮೇನಲ್ಲಿ ಚಳಿಗಾಲದ ನಿದ್ದೆಗೆ ಹೋದದ್ದು ಎದ್ದೇ ಇಲ್ಲ. ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್ ಎರಡೂ ಪ್ಲುಟೋನಿಯಂ ಶಾಖದಿಂದ ಕರೆಂಟ್ ಮಾಡ್ತವೆ: 4.8 ಕಿ.ಗ್ರಾಂ. ಪ್ಲುಟೋನಿಯಂ ಡೈಆಕ್ಸೈಡ್, ಸುಮಾರು 2000 ವ್ಯಾಟ್ ಶಾಖ, ಅದರಲ್ಲಿ ವಿದ್ಯುತ್ ಆಗೋದು ಶುರುವಿಗೆ 110 ವ್ಯಾಟ್. ಹಳೇ ಸೀಲಿಂಗ್ ಫ್ಯಾನ್ ಒಂದೂವರೆ ಓಡೋಷ್ಟು! ಅದನ್ನೇ ಬ್ಯಾಟರಿಗೆ ತುಂಬಿಸಿಕೊಂಡು ಒಂದು ಟನ್ ಗಾಡಿ ಓಡಿಸ್ತಾರೆ. ಉಳಿದ ಶಾಖದಲ್ಲಿ ಯಂತ್ರದ ಒಳಗನ್ನು ಬೆಚ್ಚಗಿಡ್ತಾರೆ.

ಕಾಫಿ ಕಣ

ಇಷ್ಟೆಲ್ಲ ಒದ್ದಾಡೋ ಬದಲು ಒಬ್ಬ ಮನುಷ್ಯ ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ಮುಗೀತಲ್ವಾ? ತೀರ್ಪುಗಾರರ ಪ್ರಶ್ನೆ ಸರಿಯಾಗೇ ಇದೆ.

ಅರಸೀಕೆರೆ ಫಿಸಿಕ್ಸ್

ಪ್ರಶ್ನೆ ಸರಿ, ಅದನ್ನು ಒಪ್ಪಿಕೊಂಡೇ ಉತ್ತರ ಶುರು ಮಾಡಿ. 1972ರ ಡಿಸೆಂಬರ್‌ನಲ್ಲಿ ಅಪೋಲೋ 17ರ ಇಬ್ಬರು ಮೂರು ದಿನದಲ್ಲಿ ಚಂದ್ರನ ಮೇಲೆ ಗಾಡಿಯಲ್ಲಿ ಸುಮಾರು 36 ಕಿ.ಮೀ. ಓಡಾಡಿ 110 ಕಿ.ಗ್ರಾಂ. ಕಲ್ಲು-ಮಣ್ಣು ತಂದರು. ಆಪರ್ಚುನಿಟಿಗೆ 45 ಕಿ.ಮೀ.ಗೆ 14 ವರ್ಷ. ಅಪೋಲೋ 17ರಲ್ಲಿ ಹ್ಯಾರಿಸನ್ ಶ್ಮಿಟ್ ಅನ್ನೋ ಭೂವಿಜ್ಞಾನಿ ಇದ್ದರು. ಕಿತ್ತಳೆ ಬಣ್ಣದ ಮಣ್ಣು ಕಂಡ ತಕ್ಷಣ ಅಲ್ಲೇ ನಿಂತು ಅಗೆದರು. ರೋವರ್‌ಗೆ ಅದೇ ಕೆಲಸಕ್ಕೆ ಫೋಟೋ ಕಳಿಸು, ಸಭೆ ಮಾಡು, ಆಜ್ಞೆ ಬರಿ, ಮರುದಿನ ಕಾಯು. ಪರ್ಸಿವಿಯರೆನ್ಸ್‌ನ ಮೊದಲ ಮಾದರಿ ಕೊಳವೆ, 2021ರ ಆಗಸ್ಟ್, ಖಾಲಿ ಬಂತು. ಕಲ್ಲು ಪುಡಿಪುಡಿಯಾಗಿ ಸುತ್ತಮುತ್ತ ಚೆಲ್ಲಿತ್ತು. ಕೈಯಲ್ಲಿ ಹಿಡಿದಿದ್ದರೆ ಉಗುರಲ್ಲಿ ಗೀರಿ ನೋಡೇ ಗೊತ್ತಾಗ್ತಿತ್ತು.

ಈಗ ಬೆಲೆ. ಇದುವರೆಗೆ ಮಂಗಳದ ಮೇಲೆ ಇಳಿಸಿದ ಅತಿ ಭಾರದ ಗಾಡಿ ಪರ್ಸಿವಿಯರೆನ್ಸ್, 1025 ಕಿ.ಗ್ರಾಂ. ಮನುಷ್ಯರ ಮನೆ, ವಾಪಸ್ ಏರೋ ರಾಕೆಟ್ಟು ಅಂದರೆ ಒಂದೊಂದೂ ಇಪ್ಪತ್ತು ಟನ್‌ನ ಮಾತು. ಮಂಗಳದ ಗಾಳಿ ನಮ್ಮದರ ಶೇ. 1ಕ್ಕಿಂತ ಕಡಿಮೆ: ಬಿಸಿ ಮಾಡೋಕೆ ಸಾಕು, ನಿಲ್ಲಿಸೋಕೆ ಸಾಲದು. 21.5 ಮೀಟರ್ ಪ್ಯಾರಾಶೂಟ್ ಒಂದು ಟನ್ ರೋವರನ್ನೇ ಪೂರ್ತಿ ನಿಲ್ಲಿಸಲಿಲ್ಲ, ಕೊನೆಗೆ ರಾಕೆಟ್ ಉರಿಸಿ ಹಗ್ಗದಲ್ಲಿ ಇಳಿಬಿಟ್ಟರು. ಇಪ್ಪತ್ತು ಟನ್ನಿಗೆ ಆ ದಾರಿ ಇಲ್ಲ, ವೇಗ ಕಳೆಯೋದೆಲ್ಲ ರಾಕೆಟ್ ಬಲದಿಂದಲೇ ಅನ್ನೋ ಮಟ್ಟಕ್ಕೆ ಹೋಗಬೇಕು.

ಆಮೇಲೆ ವಾಪಸ್ ಬರೋದು. ನಾಲ್ವರನ್ನು ನೆಲದಿಂದ ಎತ್ತೋಕೆ ಸುಮಾರು 7 ಟನ್ ಇಂಧನ, 25 ಟನ್ ಆಮ್ಲಜನಕ ಅಂತ ನಾಸಾ ಲೆಕ್ಕ. ಆಮ್ಲಜನಕವನ್ನು ಅಲ್ಲೇ ಕಾರ್ಬನ್ ಡೈಆಕ್ಸೈಡ್‌ನಿಂದ ಮಾಡಬಹುದಾ ಅಂತ ನೋಡೋಕೇ ಪರ್ಸಿವಿಯರೆನ್ಸ್‌ನಲ್ಲಿ ಮಾಕ್ಸಿ ಅನ್ನೋ ಯಂತ್ರ ಇಟ್ಟಿದ್ದು. 800 ಡಿಗ್ರಿ ಬಿಸಿಯಲ್ಲಿ ವಿದ್ಯುತ್ತಿನಿಂದ ಅನಿಲವನ್ನು ಒಡೆಯುತ್ತೆ. ಹದಿನಾರು ಸಲ ಓಡಿಸಿ ಒಟ್ಟು 122 ಗ್ರಾಂ, ಗಂಟೆಗೆ ಹೆಚ್ಚೆಂದರೆ 12 ಗ್ರಾಂ. ವಿಧಾನ ಕೆಲಸ ಮಾಡುತ್ತೆ ಅಂತ ಸಾಬೀತಾಯ್ತು. ಅದೇ ಯಂತ್ರದಿಂದ 25 ಟನ್ ಮಾಡೋಕೆ ಎಷ್ಟು ಕಾಲ ಅಂತ ಮಕ್ಕಳ ಕೈಯಲ್ಲೇ ಭಾಗಾಕಾರ ಮಾಡಿಸಿ, 238 ವರ್ಷದ ಹತ್ತಿರ ಬರುತ್ತೆ. ಗಂಟೆಗೆ 2 ಕಿ.ಗ್ರಾಂ. ಮಾಡೋ ಯಂತ್ರವಾದರೆ 17 ತಿಂಗಳು. ಅದಕ್ಕೆ 25-30 ಕಿಲೋವ್ಯಾಟ್ ಬಿಡುವಿಲ್ಲದೆ ಬೇಕು, ಧೂಳು ಬಿರುಗಾಳಿಯಲ್ಲೂ. ಜನ ಹೊರಡೋ ಮೊದಲೇ ಟ್ಯಾಂಕ್ ತುಂಬಿರಬೇಕು. ಮಂಗಳಕ್ಕೆ ಹೊರಡೋಕೆ ಸರಿಯಾದ ಹೊತ್ತು 26 ತಿಂಗಳಿಗೊಮ್ಮೆ ಬರುತ್ತೆ, ಅಂದರೆ ಹಿಂದಿನ ಸಲದ ಆ ಹೊತ್ತಿಗೇ ಯಂತ್ರಗಳು ಹೋಗಿ, ತಾವೇ ಜೋಡಿಸಿಕೊಂಡು, ಕೆಟ್ಟರೆ ತಾವೇ ರಿಪೇರಿ ಮಾಡಿಕೊಂಡು ಕೆಲಸ ಮುಗಿಸಿರಬೇಕು. ರೋವರ್ ಬೇಡ ಅನ್ನೋರಿಗೆ ಇದೇ ಉತ್ತರ: ಮನುಷ್ಯ ಹೋಗೋದಾದರೆ ರೋವರ್ ಇನ್ನೂ ಹೆಚ್ಚು ಬೇಕು.

ಕಾಫಿ ಕಣ

238 ವರ್ಷ! ಸರಿ ಮೇಡಂ, ಸೋತೆ. ತೋಟ ಮಾಡೋ ಆಸೆಯಾದ್ರೂ ಇಟ್ಕೋಬಹುದಾ?

ಬೈರಾಪುರದ ಕಲ್ಲು

ಮಣ್ಣನ್ನು ತೊಳೆದು ಹಾಕಬೇಕು. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಇಳಿದ ಜಾಗದ ಮಣ್ಣಲ್ಲಿ ಶೇ. ಅರ್ಧದಷ್ಟು ಪರ್‌ಕ್ಲೋರೇಟ್ ಸಿಕ್ಕಿತು, ಮನುಷ್ಯರ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರೋದನ್ನು ತಡೆಯೋ ಲವಣ. ನೀರಲ್ಲಿ ಸುಲಭವಾಗಿ ಕರಗುತ್ತೆ, ತೊಳೆಯೋ ನೀರು ಎಲ್ಲಿಂದ ಅನ್ನೋದೇ ಪ್ರಶ್ನೆ. ಅದಕ್ಕಿಂತ ಹತ್ತಿರದ ತೊಂದರೆ, ಧೂಳು ಅಂಟಿದ ಬೂಟು ಮನೆಯೊಳಗೆ ಬರೋದು.

ಸಾಲಗಾಮೆ ರೋಡ್

ಮೇಡಂ, ಇಳಿಯೋದೇ ಬೇಡ ಅನ್ನೋ ಮೂರನೇ ದಾರಿಯೂ ಚರ್ಚೆಯಲ್ಲಿದೆಯಲ್ಲ, ಅದನ್ನೂ ಸೇರಿಸಿ. ಫೋಬೋಸ್ ಉಪಗ್ರಹ ಮಂಗಳದ ನೆಲದಿಂದ ಬರೀ 6000 ಕಿ.ಮೀ. ಮೇಲಿದೆ. ಅಲ್ಲಿ ಕೂತು ರೋವರ್ ಓಡಿಸಿದರೆ ಸಂಕೇತ ಹೋಗಿ ಬರೋಕೆ ಸೆಕೆಂಡಿನ ನೂರನೇ ನಾಲ್ಕು ಭಾಗ. ಹಾಸನದಿಂದ ಜಿಸ್ಯಾಟ್ ಜೊತೆ ಮಾತಾಡೋದಕ್ಕಿಂತ ಬೇಗ. ಮನುಷ್ಯ ಬೇಕು ಅನ್ನೋದೇ ಅಲ್ಲಿಯೇ ತೀರ್ಮಾನ ತಗೊಳ್ಳೋಕೆ ಅಂತಾದರೆ, ಇಪ್ಪತ್ತು ಟನ್ ಇಳಿಸಿ 25 ಟನ್ ಆಮ್ಲಜನಕ ಕುದಿಸೋ ತಾಪತ್ರಯ ಇಲ್ಲದೇ ಅದು ಸಿಗುತ್ತೆ. ನಮ್ಮ ಮೈಮೇಲಿನ ಸೂಕ್ಷ್ಮಜೀವಿಗಳು ಜೀವ ಹುಡುಕೋ ಜಾಗಕ್ಕೆ ಬೀಳೋ ಭಯವೂ ಇಲ್ಲ. ಫೋಬೋಸ್ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಹಾಕೋದರಿಂದ ರೋವರ್ ಕಣ್ಣಿಗೆ ಸಿಗೋದು ಒಂದು ಸಲಕ್ಕೆ ಕೆಲವೇ ಗಂಟೆ, ಅಷ್ಟೇ ಕೊರತೆ.

ಅರಸೀಕೆರೆ ಫಿಸಿಕ್ಸ್

ಅಷ್ಟೇ ಅಲ್ಲ ಸಾರ್. ವಿಕಿರಣ? ಕ್ಯೂರಿಯಾಸಿಟಿಯ ರ‍್ಯಾಡ್ ಉಪಕರಣ ದಾರಿಯಲ್ಲಿ ದಿನಕ್ಕೆ 1.8 ಮಿಲಿಸೀವರ್ಟ್ (ಮೈಗೆ ತಗಲೋ ವಿಕಿರಣದ ಅಳತೆ) ಅಳೀತು, ನೆಲದ ಮೇಲೆ 0.67. ಕಾಲ ಕೆಳಗೆ ಇಡೀ ಗ್ರಹ ಅಡ್ಡ ಇರೋದೂ ತೆಳ್ಳಗಿನ ಗಾಳಿಯೂ ಅಷ್ಟು ಕಾಪಾಡುತ್ತೆ. ಹೋಗಿ ಬರೋಕೆ 360 ದಿನ ಹಿಡಿದರೆ ದಾರಿಯದ್ದೇ 650ರ ಹತ್ತಿರ ಬಂತು. ನಾಸಾ ಗಗನಯಾತ್ರಿಗಳಿಗೆ ಇಟ್ಟಿರೋ ಜೀವಮಾನದ ಮಿತಿ 600. ಫೋಬೋಸ್‌ನಲ್ಲಿ ವರ್ಷ ಕೂತರೆ ನೆಲಕ್ಕಿಂತ ಹೆಚ್ಚೇ ತಗೋತಾರೆ, ಕುಳಿಯೊಳಗೋ ಮಣ್ಣಿನ ಹೊದಿಕೆಯಡಿಯೋ ಇರದಿದ್ದರೆ. ಆದರೂ ಇಳಿಯೋ ದಾರಿಗಿಂತ ಇದು ಮೊದಲು ಆಗಬಹುದಾದದ್ದು ಅನ್ನೋದನ್ನ ಒಪ್ತೀನಿ.

ಊಟದ ಲೆಕ್ಕವೂ ಇರಲಿ. ಒಬ್ಬರಿಗೆ ದಿನಕ್ಕೆ 0.84 ಕಿ.ಗ್ರಾಂ. ಆಮ್ಲಜನಕ, 1.8 ಕಿ.ಗ್ರಾಂ. ಆಹಾರ ಹಿಡಿದರೆ ನಾಲ್ವರಿಗೆ 900 ದಿನಕ್ಕೆ 3 ಟನ್ ಮತ್ತು ಆರೂವರೆ ಟನ್. ನೀರನ್ನು ಬಾಹ್ಯಾಕಾಶ ನಿಲ್ದಾಣದಲ್ಲಿ ಶೇ. 98ರವರೆಗೆ ಮರುಬಳಕೆ ಮಾಡಿ ತೋರಿಸಿದ್ದಾರೆ, 2023ರಲ್ಲಿ. ಆದರೆ ಅಲ್ಲಿ ಪಂಪು ಕೆಟ್ಟರೆ ಭೂಮಿಯಿಂದ ಬಿಡಿಭಾಗ ಕಳಿಸಬಹುದು, ಮಂಗಳದ ದಾರಿಯಲ್ಲಿ ಆಗಲ್ಲ.

ಮಕ್ಕಳು ಭಾರತದ ಮಾತು ಕೇಳಿದರೆ: ಶುಭಾಂಶು ಶುಕ್ಲಾ 2025ರ ಜೂನ್-ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಗಗನಯಾನ 400 ಕಿ.ಮೀ. ಎತ್ತರದ್ದು. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಅನ್ನೋದು ಸರ್ಕಾರ ಇಟ್ಟುಕೊಂಡಿರೋ ಗುರಿ. ಮಂಗಳಕ್ಕೆ ನಮ್ಮವರು ಯಾವಾಗ ಅಂತ ಫಲಕದಲ್ಲಿ ಇಸವಿ ಬರೀಬೇಡಿ.

ಹೊಸಲೈನ್ ರಸ್ತೆ

ಬ್ಲೂಟೂತ್ ಕೈಬಿಟ್ವಿ. 60 ಸೆಕೆಂಡ್ ತಡ ಹಾಕ್ತೀವಿ, ಪಕ್ಕದಲ್ಲೇ ‘ಫೋಬೋಸ್’ ಅಂತ ಒಂದು ಸ್ವಿಚ್ ಇಟ್ಟು ಅದನ್ನ ಒತ್ತಿದರೆ ತಡ ಸೊನ್ನೆ ಆಗೋ ಹಾಗೆ. ಒಂದೇ ಮೂರು ಮೀಟರನ್ನು ಎರಡು ರೀತಿ ಓಡಿಸಿ ಸಮಯ ಬರೆಯೋದು. ಕೊನೇ ಅನುಮಾನ: ನಮ್ಮ ಗಾಡಿ 6 ಕಿ.ಗ್ರಾಂ. ಭೂಮಿಯ ತೂಕದಲ್ಲೇ ಓಡಿಸಿದರೆ ಮಂಗಳಕ್ಕೆ ಹೊಂದುತ್ತಾ?

ಗೇರ್‌ಬಾಕ್ಸ್ ಗೌಡ

ಸ್ವಿಚ್ ಚೆನ್ನಾಗಿದೆ. ತೂಕದ ಮಾತಿಗೆ: ಮಂಗಳದಲ್ಲಿ ಗುರುತ್ವ ನಮ್ಮ ಶೇ. 38. ನಾಸಾದ ಜೆಪಿಎಲ್ ಪ್ರಯೋಗಾಲಯದವರು ಕ್ಯೂರಿಯಾಸಿಟಿಯ ಚಕ್ರ-ಕಾಲು ಪರೀಕ್ಷಿಸೋಕೆ ಸ್ಕೇರ್‌ಕ್ರೋ ಅಂತ ಒಂದು ಗಾಡಿ ಇಟ್ಟಿದ್ದಾರೆ, ಕಂಪ್ಯೂಟರ್ರೂ ಉಪಕರಣವೂ ಇಲ್ಲದ ಬೋಳು ಗಾಡಿ. 899 ಕಿ.ಗ್ರಾಂ.ನ ರೋವರ್ ಅಲ್ಲಿ ತೂಗುವಷ್ಟೇ, ಅಂದರೆ ಇಲ್ಲಿನ 340 ಕಿ.ಗ್ರಾಂ.ನಷ್ಟು, ಇದು ಇಲ್ಲಿ ತೂಗುತ್ತೆ. ನೀವೂ ಚಕ್ರದ ಪರೀಕ್ಷೆಗೆ ಬ್ಯಾಟರಿ, ಕ್ಯಾಮೆರಾ ಕಂಬ ಎಲ್ಲಾ ಇಳಿಸಿ, ಹೊರಗಿಂದ ಉದ್ದ ತಂತಿಯಲ್ಲಿ ಕರೆಂಟ್ ಕೊಟ್ಟು ಒಂದು ಸುತ್ತು ಓಡಿಸಿ. ತೂಕ 2.3 ಕಿ.ಗ್ರಾಂ.ಗೆ ಇಳಿಯೋದು ಕಷ್ಟ. ಮೂರೂವರೆಗೆ ಬಂದರೂ ಜಾರಿಕೆಯ ಅಂಕಿ ಎಷ್ಟು ಬದಲಾಗುತ್ತೆ ಅಂತ ಎರಡು ಸಾಲಿನ ಪಟ್ಟಿ ಮಾಡಬಹುದು. ತಂತಿಯನ್ನು ಮೇಲಿನಿಂದ ಇಳಿಬಿಡಿ, ನೆಲದ ಮೇಲೆ ಎಳೆದರೆ ಅದರ ಎಳೆತವೇ ಅಂಕಿಯೊಳಗೆ ಸೇರಿಕೊಳ್ಳುತ್ತೆ.

ವೋಲ್ಟ್‌ಮೀಟರ್

ಉದ್ದ ತಂತಿ ಅಂದ್ರೆ 1.5 ಚದರ ಮಿ.ಮೀ.ಗಿಂತ ತೆಳ್ಳಗಿರೋದು ಬೇಡ. ಐದು ಮೀಟರ್ ತೆಳು ತಂತಿಯಲ್ಲಿ ಹತ್ತು ಆಂಪಿಯರ್ ಹೋದರೆ ಮೋಟಾರಿಗೆ 12ರ ಬದಲು ಹತ್ತು ವೋಲ್ಟೂ ಸಿಗಲ್ಲ. ಕರೆಂಟ್ ಕೊಡೋ ಕಡೆಯ ತುದಿಗೆ 10 ಆಂಪಿಯರ್ ಫ್ಯೂಸ್ ಹಾಕಿ.